ಸಲ್ಲಿಸುವ ಬಟನ್

ಕಾಲೇಜಿನ ಹೊಸ ಪೋರ್ಟಲ್ ಬಳಸಲು ಫೆಬ್ರವರಿಯಲ್ಲಿ ನಡೆದ ತರಬೇತಿಯಲ್ಲಿ ಬೆಳಗಿನ ಅವಧಿ ಅಧ್ಯಾಪಕರಿಗಿತ್ತು. ಪಾಸ್‌ವರ್ಡ್ ಬದಲಿಸುವುದನ್ನು ಹೇಳಿಕೊಟ್ಟಷ್ಟೇ ಸಲೀಸಾಗಿ ತರಬೇತಿದಾರ ಅಂಗಡಿ ಸರ್ ಇದನ್ನೂ ಹೇಳಿದರು: "ಪ್ರಾಜೆಕ್ಟ್ ಕೊಡೋ ಕೊನೇ ದಿನಕ್ಕ ಯಾರು ಬದುಕಿರೂದಿಲ್ಲೋ, ಅವರ ಸ್ಕ್ರೀನ್‌ದಾಗ ಸಲ್ಲಿಸೋ ಬಟನ್ ಬರೂದಿಲ್ಲ. ಹುಡುಗರು ಕೇಳಿದ್ರ ನೆಟ್ ತೊಂದರಿ ಅಂತ ಹೇಳ್ರಿ."

ಎಲ್ಲರೂ ಬರೆದುಕೊಂಡರು.

ಮಧ್ಯಾಹ್ನ ವಿದ್ಯಾರ್ಥಿಗಳು ಕಂಪ್ಯೂಟರ್ ಲ್ಯಾಬಿಗೆ ಬಂದರು. ನೀಲಾಂಬಿಕಾ ಮೇಡಂ ಅಂತಿಮ ವರ್ಷದ ಪ್ರಾಜೆಕ್ಟಿಗೆ ಮೇ ಇಪ್ಪತ್ತು ಎಂದು ದಿನ ಹಾಕಿದರು. ಹಿಂದಿನ ಸಾಲಿನಿಂದ ಹೊನ್ನಪ್ಪ ಕೈ ಎತ್ತಿದ.

"ಮೇಡಂ, ನನಗ ಬಟನ್ ಬರವಲ್ದ್ರಿ."

"ನೆಟ್ ತೊಂದರಿ ಇರಬೇಕಪ್ಪ" ಎಂದರು ಮೇಡಂ. ಹೊನ್ನಪ್ಪನ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ಅವನೊಬ್ಬನೇ. ಪ್ರಾಜೆಕ್ಟ್ ಕೊಡದಿದ್ದರೆ ಪದವಿ ಇಲ್ಲ.

ಮೇಡಂ ದಿನಾಂಕವನ್ನು ಮೇ ಹತ್ತಕ್ಕೆ ತಂದರು. "ಇನ್ನೂ ಇಲ್ರಿ." ಏಪ್ರಿಲ್ ಮೂವತ್ತು. "ಇಲ್ರಿ." ಏಪ್ರಿಲ್ ಎರಡು.

"ಬಂತ್ರಿ!"

ಲ್ಯಾಬಿನಲ್ಲಿ ಗದ್ದಲ ಎದ್ದಿತು. "ಅಷ್ಟ್ಯಾಕ ಅವಸರರಿ ಮೇಡಂ, ಮಗಳ ಮದುವಿ ಐತೇನ್ರಿ?" ಎಂದು ಮುಂದಿನ ಸಾಲಿನ ರೇಷ್ಮಾ ಕಿಚಾಯಿಸಿದಳು. ಮೇಡಂ ಆ ದಿನವನ್ನೇ ಎಲ್ಲರಿಗೂ ಖಾಯಂ ಮಾಡಿದರು.

ಎಲ್ಲರೂ ಹೋದರೂ ಹೊನ್ನಪ್ಪ ಮಾತ್ರ ಕುರ್ಚಿಗಳನ್ನು ಮೇಜಿನೊಳಗೆ ತಳ್ಳುತ್ತ ಉಳಿದ. ಕೊನೆಯ ಕುರ್ಚಿ ಹಿಡಿದು ನಿಂತು ಕೇಳಿದ:

"ನಾ ಏಪ್ರಿಲ್ ಎರಡಕ್ಕ ಕೊಡ್ತೀನ್ರಿ ಮೇಡಂ. ನೀವು ಮಾರ್ಕ್ಸ್ ಹಾಕೂದು ಯಾವಾಗ್ರಿ?"

ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು.

"ನೀ ಮುಂಜಾನೆ ಕೊಡು, ಮಧ್ಯಾಹ್ನದೊಳಗ ಹಾಕತೀನಿ. ಬರೂವಾಗ ನಿಮ್ಮವ್ವನ್ನ ಕರಕೊಂಡ ಬಾ."