ಮಾತು ಕೊಟ್ಟವಳು

ಇರುಳಬ್ಬೆ ಸಾಯುವುದಕ್ಕೆ ಇನ್ನೊಂದೇ ಏಟು ಬಾಕಿ ಇದ್ದಾಗ ವರದಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ಮಗನನ್ನು ಕರೆದರು.

"ಶ್ರೀನಾಥ, ಒಂಚೂರು ಒಳಗೆ ಬಾ."

ಕರೆಯುವುದಕ್ಕೆ ಇವರಿಗೆ ಬೇರೆ ಹೊತ್ತೇ ಸಿಗಲಿಲ್ಲ. ಆರು ತಿಂಗಳಿಂದ ಪ್ರತಿ ಭಾನುವಾರ ಮಧ್ಯಾಹ್ನ ಹೊಸಬಾಳೆಯ ಆ ಮನೆಯಲ್ಲಿ ನಡೆದು ಬಂದ ಆಟ ಅದು. ಮೇಜಿನ ಮೇಲೆ ಕೈಯಲ್ಲೇ ಬರೆದ ನಕಾಶೆ, ಇಪ್ಪತ್ತು ಮುಖದ ಒಂದು ದಾಳ. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಬಾಯಲ್ಲೇ ಕಥೆ ಆಡುವುದು, ಏಟು ತಗುಲಿತೋ ಇಲ್ಲವೋ ಎಂದು ದಾಳ ಹೇಳುವುದು. ಶಿರಾಳಕೊಪ್ಪದಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿರುವ ಸುರೇಶ ಕತ್ತಿ ಹಿಡಿದ ವೀರ. ಶಿಕಾರಿಪುರದ ಬ್ಯಾಂಕಿನಲ್ಲಿರುವ ಶೃತಿ ಮಂತ್ರಗಾತಿ. ಕಥೆ ನಡೆಸುವವನು ಶ್ರೀನಾಥ, ಸೊರಬದ ಹೈಸ್ಕೂಲಿನ ಗಣಿತದ ಮೇಷ್ಟ್ರು. ಊರಿನವರು, ರಾಕ್ಷಸರು, ದೇವರು, ಎಲ್ಲರ ಬಾಯಿಯೂ ಅವನದೇ. ಇರುಳಬ್ಬೆಯನ್ನು ಹುಟ್ಟಿಸಿದವನೂ ಅವನೇ: ಏಳು ಊರಿನ ಕೂಸುಗಳನ್ನು ತೊಟ್ಟಿಲಿನಿಂದ ಒಯ್ಯುವ ದೇವಿ. ಅವಳ ಮಾತು ಬಂದಾಗ ಗಂಟಲು ತಗ್ಗಿಸಿ ಒಂದೊಂದೇ ಪದವನ್ನು ಎಳೆದು ಹೇಳುತ್ತಿದ್ದ. ಸುರೇಶನಂಥ ಸುರೇಶನಿಗೂ ಮೈ ಜುಮ್ಮೆನ್ನುತ್ತಿತ್ತು.

ಒಳಗೆ ವರದಮ್ಮ ಒಲೆ ಆರಿಸಿ ನಿಂತಿದ್ದರು.

"ಅವಳನ್ನ ಕೊಲ್ಲಬೇಡಿ ಮಾರಾಯ."

"ಯಾರನ್ನ?"

"ಇರುಳಬ್ಬೆನ. ನಾನು ಅವಳಿಗೆ ಹರಕೆ ಹೊತ್ತಿದೀನಿ."

ಶ್ರೀನಾಥನಿಗೆ ನಗು ಬರಬೇಕಿತ್ತು, ಬರಲಿಲ್ಲ. ಪಕ್ಕದ ಕೋಣೆಯಲ್ಲಿ ಅಕ್ಕ ತೃಪ್ತಿ ಮಲಗಿದ್ದಳು. ಅವಳಿಗೆ ಏಳನೆಯ ತಿಂಗಳು. ಹಿಂದೆ ಎರಡು ಸಲವೂ ಇದೇ ಏಳನೆಯ ತಿಂಗಳಲ್ಲಿ ಕೂಸು ಹೋಗಿತ್ತು. ಈ ಸಲ ಮಂಚ ಬಿಟ್ಟು ಇಳಿಯಲೇಬಾರದು ಎಂದು ಡಾಕ್ಟರು ಹೇಳಿದ್ದರು.

"ಅಮ್ಮ, ಅದು ಆಟ. ನಾನೇ ಕಟ್ಟಿದ ಕಥೆ."

"ನಂಗೆ ಅಷ್ಟೂ ಗೊತ್ತಿಲ್ವನಾ? ಇದ್ದಬದ್ದ ದೇವರಿಗೆಲ್ಲ ಎರಡು ಸಲ ಕೈ ಮುಗಿದಾಯ್ತು. ಒಬ್ಬರಾದ್ರೂ ಹ್ಞೂಂ ಅಂದ್ರನಾ, ಉಹೂಂ ಅಂದ್ರನಾ? ಕೂಸು ಒಯ್ಯೋಳು ಇವಳು ಅಂತ ನೀನೇ ಹೇಳ್ತಿದ್ದೆ. ಒಯ್ಯೋಳನ್ನೇ ಕೇಳಬೇಕಲ್ಲ, ಬಿಡು ಅಂತ. ಹೋದ ತಿಂಗಳು ಇಲ್ಲೇ ನಿಂತು ಮನಸಲ್ಲೇ ಕೇಳ್ದೆ. ಅದೇ ಹೊತ್ತಿಗೆ ಅಲ್ಲಿಂದ ಅಂದ್ಲು, 'ಈ ಒಂದನ್ನು ಬಿಟ್ಟೆ' ಅಂತ."

ಶ್ರೀನಾಥನಿಗೆ ಆ ಭಾನುವಾರ ನೆನಪಾಯಿತು. ಶೃತಿ ಬಹಳ ಗೋಗರೆದಳೆಂದು ಇರುಳಬ್ಬೆಯ ಬಾಯಲ್ಲಿ ಆ ಮಾತು ಆಡಿಸಿ, ಆಟದೊಳಗಿನ ಒಬ್ಬ ಅಂಬಿಗನ ಮಗುವನ್ನು ಬಿಡಿಸಿದ್ದ. ಅದು ಗೋಡೆಯಾಚೆ ಹೀಗೆ ಬಂದು ಕೂತಿದೆ ಎಂದು ಅವನು ಕನಸಲ್ಲೂ ಎಣಿಸಿರಲಿಲ್ಲ.

"ಮಾತು ಕೊಟ್ಟೋಳೇ ಸತ್ತುಹೋದ್ರೆ ಆ ಮಾತು ಯಾರು ನಡೆಸ್ತಾರೆ ಹೇಳು?" ಅಂದರು ವರದಮ್ಮ.

"ನೋಡ್ತೀನಿ," ಎಂದು ಹೇಳಿ ಅವನು ಹೊರಗೆ ಬಂದ. ಬಂದವನೇ ಇರುಳಬ್ಬೆ ಹೊಗೆಯಾಗಿ ಕಿಟಕಿಯಿಂದ ಪಾರಾದಳು ಎಂದುಬಿಟ್ಟ.

ಸುರೇಶ ಬಿಡುವವನಲ್ಲ. "ಹಂಗೆಲ್ಲ ಆಗಲ್ಲಪಾ. ಬಾಗ್ಲು, ಕಿಟಕಿ ಎಲ್ಲಾದಕ್ಕೂ ಶೃತಿ ದಿಗ್ಬಂಧನ ಹಾಕ್ಯಾಳ, ನೀನೇ ಹ್ಞೂಂ ಅಂದೀಯ. ಆರು ತಿಂಗಳು ಬಸ್ ಹತ್ತಿ ಬಂದೀನಿ, ಇವತ್ತು ಮುಗಿಸಿಬಿಡಾಣ."

"ಏನ್ರೀ, ಏನಾಯ್ತು? ಮುಖ ಯಾಕೆ ಹಂಗಾಯ್ತು?" ಎಂದಳು ಶೃತಿ.

ಆಗ ಹೇಳಿಬಿಟ್ಟಿದ್ದರೆ ಆಗುತ್ತಿತ್ತು. ಇಬ್ಬರೂ ಕೆಟ್ಟವರಲ್ಲ, ದಾಳ ಕೆಳಗಿಟ್ಟು ಎದ್ದುಹೋಗುತ್ತಿದ್ದರು. ಆದರೆ ನಮ್ಮಮ್ಮ ಆಟದ ದೇವರಿಗೆ ಹರಕೆ ಹೊತ್ತಿದ್ದಾರೆ ಎಂಬ ಮಾತು ಅವನ ಬಾಯಿಂದ ಬರಲಿಲ್ಲ. ಶಿರಾಳಕೊಪ್ಪದ ಸಂತೆಯ ದಿನ ಸುರೇಶನ ಅಂಗಡಿಯಲ್ಲಿ ಆ ಮಾತಿಗೆ ಎಷ್ಟು ಜನ ನಗುತ್ತಾರೋ ಎಂದು ಲೆಕ್ಕ ಹಾಕಿದ. ನಾಚಿಕೆ. ಬೇರೇನೂ ಅಲ್ಲ, ಬರೀ ನಾಚಿಕೆ.

"ಏನಿಲ್ಲ. ಸುರೇಶ, ದಾಳ ಹಾಕು," ಅಂದ.

ಹದಿನೈದು ಬಿದ್ದರೆ ಸಾಕಿತ್ತು, ಹದಿನೇಳು ಬಿತ್ತು. ಸುರೇಶ ಮೇಜು ಗುದ್ದಿದ. ಸಾಯುವಾಗ ದೇವಿ ಆಡುವ ಮಾತೆಂದು ಶ್ರೀನಾಥ ಒಂದು ಪುಟ ಬರೆದಿಟ್ಟುಕೊಂಡಿದ್ದ. ಅದನ್ನು ಮಡಚಿ ಜೇಬಿಗೆ ಹಾಕಿಕೊಂಡು, "ಸತ್ತಳು," ಎಂದ, ತನಗಷ್ಟೇ ಕೇಳುವಂತೆ.

"ಏನಂದಿ? ಜೋರಾಗಿ ಹೇಳಪಾ."

"ಇರುಳಬ್ಬೆ ಸತ್ತಳು."

ಆ ಮನೆಯಲ್ಲಿ ಅಡುಗೆಮನೆಗೆ ಕೇಳದ ಮಾತೇ ಇಲ್ಲ. ನಾಲ್ಕೂವರೆಯ ಬಸ್ಸಿಗೆಂದು ಗೆಳೆಯರಿಬ್ಬರೂ ಹೊರಟರು. ಅವರು ಗೇಟು ದಾಟುವವರೆಗೆ ಕಾದು, ವರದಮ್ಮ ಹೊರಗೆ ಬಂದು ಸುರೇಶ ಎದ್ದ ಕುರ್ಚಿಯಲ್ಲಿ ಕೂತರು. ಅಳಲಿಲ್ಲ, ಬಯ್ಯಲೂ ಇಲ್ಲ. ಬಯ್ದಿದ್ದರೆ ಅವನಿಗೆ ಎಷ್ಟೋ ಹಗುರ ಆಗುತ್ತಿತ್ತು.

"ಸಾಯೋ ಮುಂಚೆ ತೃಪ್ತಿ ವಿಷಯ ಎಂತಾದ್ರೂ ಅಂದ್ಲನಾ?"

"ಅಂದ್ಲು ಅಮ್ಮ. ಕೊಟ್ಟ ಮಾತು ಕೊಟ್ಟಿದ್ದೇ ಅಂದ್ಲು."

"ಅದು ನೀನು ಹೇಳ್ತಿರೋದು."

ಶ್ರೀನಾಥ ತಾಯಿಯ ಮುಖ ನೋಡಿದ. ಅವನಿಗೆ ಬೇರೆ ದಾರಿ ತೋಚಲಿಲ್ಲ. ಗಂಟಲು ತಗ್ಗಿಸಿ, ಒಂದೊಂದೇ ಪದವನ್ನು ಎಳೆದು, "ಈ... ಒಂದನ್ನು... ಬಿಟ್ಟೆ," ಎಂದ.

ವರದಮ್ಮ ಗಡಬಡಿಸಿ ಎದ್ದು ಹೋಗಿ ಮಗಳ ಕೋಣೆಯ ಬಾಗಿಲು ಎಳೆದು ಚಿಲಕ ಹಾಕಿದರು.

"ಸತ್ತೋಳ ದನಿ ತೆಗೀಬೇಡ ಕಣೋ. ಒಳಗೆ ಬಸುರಿ ಮಲಗಿದಾಳೆ."