ಪಕ್ಕಪಕ್ಕದ ಎರಡು ಚೌಕ

"ಕರೆ ಮೊದಲು ಈ ಸರ್ವರಿಗೆ ಬರುತ್ತೆ. ಇದು ಕೆಟ್ಟರೆ ಪಕ್ಕದ್ದು ನೋಡಿಕೊಳ್ಳುತ್ತೆ. ಕರೆ ತಪ್ಪೋ ಮಾತೇ ಇಲ್ಲ," ಎನ್ನುತ್ತ ಇಳಂಗೋವನ್ ಹಲಗೆಯ ಮೇಲೆ ಎರಡು ಚೌಕ ಬರೆದ. ಚೆನ್ನೈನ ಆ ಆಂಬುಲೆನ್ಸ್ ಸಹಾಯವಾಣಿಯ ವ್ಯವಸ್ಥೆಯನ್ನು ರೂಪಿಸಿದವನು ಅವನೇ. ಮಳೆ ಸುರಿದ ಬೆಳಿಗ್ಗೆ ಪೊನ್ನುತ್ತಾಯಿ ಎಷ್ಟು ಸಲ ಕರೆ ಮಾಡಿದರೂ ಯಾರೂ ಎತ್ತದೆ, ಎದೆನೋವೆಂದ ಅವಳ ಗಂಡ ಮನೆಯಲ್ಲೇ ತೀರಿಕೊಂಡಿದ್ದ. ವಿಚಾರಣೆಗೆ ಬಂದ ಅವಳು ಎದುರಿಗೇ ಕೂತಿದ್ದಳು.

"ಅಂದ್ಮೇಲೆ ತಪ್ಪು ಅವತ್ತು ಡ್ಯೂಟೀಲಿದ್ದೂ ಫೋನ್ ಎತ್ತದ ಆಪರೇಟರ್ ಕಯಲ್ವಿಳೀದೇ. ಇವತ್ತೇ ಅವಳನ್ನ ಮನೆಗೆ ಕಳಿಸ್ತೀನಿ," ಎಂದರು ನಿರ್ದೇಶಕ ಪದ್ಮನಾಭನ್. "ಯಾವುದು ಎಲ್ಲಿದೆ ಅಂತ ಬರೆದು ಮುಗಿಸಪ್ಪಾ."

ಇಳಂಗೋವನ್ ಮೊದಲ ಚೌಕದ ಕೆಳಗೆ 'ನೆಲಮಾಳಿಗೆ' ಎಂದು ಬರೆದ. ಎರಡನೆಯದರ ಕೆಳಗೂ ಅದನ್ನೇ ಬರೆಯಹೊರಟ ಕೈ ಗಕ್ಕನೆ ನಿಂತಿತು. ಸದ್ಯಕ್ಕೆ ಎರಡೂ ಅಲ್ಲೇ ಇರಲಿ ಎಂದವನು ತಾನೇ. ಆ ಮಳೆಯ ಬೆಳಿಗ್ಗೆ ನೀರು ನುಗ್ಗಿ ನೆಲಮಾಳಿಗೆಯ ಕರೆಂಟು ಕೊಂಚ ಹೊತ್ತು ಹೋಗಿತ್ತು. ಇನ್ನೊಂದು ಸರ್ವರ್ ಇದೆಯಲ್ಲ ಎಂದು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಅವನು ಎರಡೂ ಚೌಕಗಳನ್ನು ಸೇರಿಸಿ ಸುತ್ತ ಒಂದೇ ಗೆರೆ ಎಳೆದ. "ಸಾರ್, ಎರಡೂ ಒಟ್ಟಿಗೇ ನಿಂತುಹೋಗಿವೆ. ಕಯಲ್ವಿಳಿಯ ಫೋನ್ ರಿಂಗೇ ಆಗಿರಲ್ಲ. ತಪ್ಪು ನಂದು."

"ಅಳಿಸು ಅದನ್ನ," ಎಂದರು ಪದ್ಮನಾಭನ್ ಮೆಲ್ಲಗೆ. ಅವನು ಅಳಿಸಲಿಲ್ಲ.

ಪೊನ್ನುತ್ತಾಯಿ ಬಯ್ಯಲಿಲ್ಲ, ಅಳಲೂ ಇಲ್ಲ. ತನ್ನ ಬಲಗೈಯನ್ನೇ ನೋಡಿಕೊಂಡಳು. "ನಿನ್ನೆ ಆ ಕಯಲ್ವಿಳಿ ಮನೆ ಬಾಗಿಲಿಗೆ ಹೋಗಿ ಮಣ್ಣು ತೂರಿ ಶಾಪ ಹಾಕಿ ಬಂದೆನಲ್ಲಪ್ಪಾ," ಎಂದಳು. "ಬಸುರಿ ಅವಳು. ನಿನ್ನ ಹೊಟ್ಟೇಲಿರೋದೂ ಉಳೀದಿರ್ಲಿ ಅಂದ್ಬಿಟ್ಟೆ."