ತಲೆ ಎಣ್ಣೆ

ತಲೆ ನುಣ್ಣಗೆ ಬೋಳಿಸಿಕೊಂಡು ಪ್ರಯೋಗಾಲಯಕ್ಕೆ ಬಂದ ಪಿಎಚ್.ಡಿ. ವಿದ್ಯಾರ್ಥಿನಿಯನ್ನು ಕಂಡು ಅವಳ ಗೈಡ್ ಕೈಯಲ್ಲಿದ್ದ ಲೋಟವನ್ನು ಕೆಳಗಿಡುವುದನ್ನೇ ಮರೆತರು.

"ಏನಮ್ಮಾ ಇದು ಅವತಾರ?"

"ತಲೆ ಎಣ್ಣೆದೇ ತಕರಾರು ಅಂದ್ರಲ್ಲ ಸರ್. ಮೂಲಾನೇ ತೆಗೆಸಿಬಿಟ್ಟೆ."

ದ್ವೀಪದ ಪೊದೆಯೊಂದರ ಎಲೆಗಳನ್ನು ಭಟ್ಟಿಯಿಳಿಸಿ ಅವಳು ತೆಗೆದ ಎಣ್ಣೆಯಲ್ಲಿ, ಮುಖ್ಯಭೂಮಿಯಲ್ಲಿ ಬೆಳೆಯುವ ಅದರಂಥದೇ ಗಿಡದಲ್ಲಿಲ್ಲದ ಒಂದು ರಾಸಾಯನಿಕವಿತ್ತು. ಎಣ್ಣೆಯಲ್ಲಿ ಏನೇನಿದೆ ಎಂದು ಬಿಡಿಸಿ ತೋರಿಸುವ ಯಂತ್ರ ಬರೆಯುವ ಗೆರೆಯಲ್ಲಿ ಅದು ಪ್ರತಿ ಸಲವೂ ಒಂದೇ ಜಾಗದಲ್ಲಿ ಕೋಡಿನಂತೆ ಏಳುತ್ತಿತ್ತು. ಎರಡೂ ಗಿಡ ಒಂದೇ ಎಂದು ಬರೆದು ಹೆಸರು ಮಾಡಿದವರು ಗೈಡ್. "ಅದು ನಿನ್ನ ಜಡೆ ಎಣ್ಣೆ ಕಣಮ್ಮಾ, ಕೈಗಂಟಿ ಒಳಗೆ ಹೋಗಿದೆ. ಅಳಿಸಿಹಾಕು" ಎಂದು ಎಲ್ಲರೆದುರು ನಗಾಡಿದ್ದರು. ಅಳಿಸಿದರೆ ಅವಳ ಪ್ರಬಂಧದಲ್ಲಿ ಹೇಳಲು ಏನೂ ಉಳಿಯುತ್ತಿರಲಿಲ್ಲ. ಅಳಿಸದಿದ್ದರೆ ಅವರ ಸಹಿ ಬೀಳುತ್ತಿರಲಿಲ್ಲ.

ಅವಳು ಸಿರಿಂಜಿನಲ್ಲಿ ಎಣ್ಣೆ ಎಳೆದು ಯಂತ್ರಕ್ಕೆ ಚುಚ್ಚಿದಳು. ಇಬ್ಬರೂ ಪರದೆ ನೋಡುತ್ತ ಕೂತರು. ಗೆರೆ ಪರಿಚಿತ ಏರಿಳಿತಗಳನ್ನೆಲ್ಲ ದಾಟಿತು. ಆಮೇಲೆ ಅದೇ ಜಾಗದಲ್ಲಿ, ಅದೇ ಎತ್ತರಕ್ಕೆ ಕೋಡು ಎದ್ದು ನಿಂತಿತು.

ಗೈಡ್ ಅವಳ ಕೈ ನೋಡಿದರು. "ಕೈಗೇನಾದ್ರೂ ಕ್ರೀಮು ಗೀಮು ಹಚ್ಕೊಂಡಿದೀಯಾ?"

ಅವಳು ಸಿರಿಂಜನ್ನು ತೊಳೆದಳು. ಅದೇ ಶೀಶೆಯಿಂದ ಮತ್ತೆ ಎಣ್ಣೆ ಎಳೆದು, ಸೂಜಿಯನ್ನು ತನ್ನ ಕಡೆ ತಿರುಗಿಸಿ, ಸಿರಿಂಜನ್ನು ಅವರ ಮುಂದೆ ಹಿಡಿದಳು.

"ಕೈ ತೆಗೆಸೋಕಾಗಲ್ಲ ಸರ್. ಈ ಸಲ ನೀವೇ ಚುಚ್ಚಿ. ಹೇಗೂ ನಿಮ್ಮ ತಲೇಲೂ ಕೂದಲಿಲ್ಲ."

ಅವರು ತೆಗೆದುಕೊಳ್ಳುವವರೆಗೂ ಅವಳು ಚಾಚಿದ ಕೈ ಇಳಿಸಲಿಲ್ಲ.